ಗಾಲಿ ಬುಡದ ಹುಲ್ಲು

"ಅಮರಪ್ಪಾ, ನೀ ಹೇಳಿದ್ದೆಲ್ಲಾ ಕೇಳಿಸಿಕೊಂಡೆ. ಸಾಲಿ ಚಲೋ ಅದ ಅಂದಿ, ಹನ್ನೆರಡು ಇಮಾನ ಅದಾವ ಅಂದಿ, ನಡಸೋದು ಕಲಿಸಿ ಕೈಯಾಗ ಲೈಸನ್ಸು ಕೊಟ್ಟು ಕಳಸ್ತಾರ ಅಂದಿ. ಇರಲಿ, ಸುಳ್ಳ ಅನ್ನಂಗಿಲ್ಲ ನಾ. ಆದ್ರ ನನ್ನ ಮಾತೂ ಜರಾ ಕೇಳು. ನಾವು ಕುರಿ ತಗೊಳ್ಳಾಕ ಹೋದ್ರ ಸಂತ್ಯಾಗ ನಿಂತದ್ದು ನೋಡಿ ರೊಕ್ಕ ಬಿಚ್ಚಂಗಿಲ್ಲ. ಸಂತಿಗೆ ತರಾವ ಉಪ್ಪು ನೆಕ್ಕಿಸಿ, ಹೊಟ್ಟಿ ತುಂಬ ನೀರು ಕುಡಿಸಿ, ಮೈ ತೊಳದು ತಂದಿರ್ತಾನ. ಅದಕ್ಕ ಮಾರಾವನ ದಡ್ಡಿಗೇ ಹೋಗ್ತೀವಿ, ಅಲ್ಲೇ ವಸ್ತಿ ಬೀಳ್ತೀವಿ. ಮುಂಜಾನಿ ದಡ್ಡಿ ಬಾಗಲಾ ತಗದಾಗ ಯಾವುದು ತಾನಾಗೇ ಹೊರಗ ಬರ್ತದ, ಯಾವುದು ಮೂಲ್ಯಾಗ ನಿಂದರ್ತದ ನೋಡ್ತೀವಿ. ಕಾಲು ಎತ್ತಿ ಗೊರಸು ನೋಡ್ತೀವಿ. ದೂರ ಮೇದು ಬಂದದ್ದರ ಗೊರಸು ಸವದಿರ್ತದ, ನಿಂತಲ್ಲೇ ನಿಂತದ್ದರ ಗೊರಸು ಬೆಳದು ಮುಂದ ಬಾಗಿರ್ತದ. ಒಂದು ಕುರೀಗೇ ಇಷ್ಟು ನೋಡಾವ್ರು ನಾವು. ಈಗ ನನ್ನ ಹಿಂಡಿನ ಅರ್ಧಾ ಮಾರಿ, ಉಳಿದದ್ದಕ್ಕ ತಮ್ಮನ ಹೊಲಾ ಬ್ಯಾಂಕಿಗೆ ಬರದುಕೊಟ್ಟು ಕೂಸಿನ ಕಳಸೂದು. ಬ್ಯಾಂಕಿನಾವ್ರು ಒಂದ್ಸಲಾ ಸಾಲಿ ಹೆಸರು ಬರಕೊಂಡ್ರ ಮುಂದ ಬದಲಿ ಮಾಡಾಕ ಬರಂಗಿಲ್ಲಂತ. ಅದಕ್ಕ ಕೇಳ್ತೀನಿ, ಆ ಇಮಾನಗೋಳು ಮುಂಜಾನಿ ದಡ್ಡಿ ಬಿಟ್ಟು ಹೊಂಡೂದು ನೀ ನಿನ್ನ ಕಣ್ಣೀಲೆ ನೋಡೀಯೇನು?"

ಮಲಕಮ್ಮ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದವಳಲ್ಲ. ಎಲೆಗೆ ಸುಣ್ಣ ಸವರುತ್ತ, ತೊಟ್ಟು ಮುರಿಯುತ್ತ, ಮಧ್ಯೆ ಎದ್ದು ಹೋಗಿ ಹಗ್ಗ ಕಡಿಯುತ್ತಿದ್ದ ಮರಿಯೊಂದನ್ನು ಗದರಿಸಿ ಬಂದು, ಸಾವಕಾಶವಾಗಿ ಹೇಳಿದ್ದಳು. ಅಮರಪ್ಪ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದ. ಶಹಾಪುರದಲ್ಲಿ ಕಂಪ್ಯೂಟರ್ ಕಲಿಸುವ ಅಂಗಡಿ ಅವನದು. ಅದರ ಜೊತೆಗೆ ಮಕ್ಕಳನ್ನು ಹೊರಗಿನ ಊರುಗಳ ಕಾಲೇಜಿಗೆ ಸೇರಿಸಿ ಕೊಡುವ ದಲಾಲಿಯನ್ನೂ ಮಾಡುತ್ತಿದ್ದ.

"ವಿಡಿಯೋ ನೋಡೀನ್ರಿ, ದೊಡ್ಡವ್ವಾ" ಎಂದ.

"ಯಾರು ತಗದದ್ದು?"

"ಸಾಲಿಯವ್ರೇ ಕಳಿಸ್ಯಾರ್ರಿ."

"ಹಾಂ. ಅಂದ್ರ ಸಂತ್ಯಾಗ ನಿಂತ ಕುರಿ ಅದು."

ಬಾಗಿಲಲ್ಲಿ ನಿಂತಿದ್ದ ದೇವಕಮ್ಮ ಕಿಸಕ್ಕನೆ ನಕ್ಕಳು. ವಿಮಾನ ಕಲಿಯಬೇಕಾದವಳು ಅವಳೇ. ಅವಳ ಅಪ್ಪ ಬಸವಂತರಾಯನಿಗೆ ಮಾತ್ರ ಮುಖ ಸಣ್ಣದಾಯಿತು. "ಅಕ್ಕಾ, ಇಮಾನಕ್ಕ ಎಲ್ಲೆರೆ ಗೊರಸು ಇರ್ತಾವೇನು? ಓದಿದಾವ್ರು ಹೇಳಿದ್ದು ಕೇಳಬೇಕು" ಎಂದ. ಅವನ ಸಂಕಟ ಬೇರೆಯೇ ಇತ್ತು. ಎರಡು ದಿನದ ಹಿಂದೆಯೇ ಅಕ್ಕನನ್ನು ಕೇಳದೆ ಅಮರಪ್ಪನ ಕೈಗೆ ಇಪ್ಪತ್ತೈದು ಸಾವಿರ ಮುಂಗಡ ಇಟ್ಟು ಸಂಚಕಾರ ಕೊಟ್ಟುಬಿಟ್ಟಿದ್ದ. ಹದಿನೈದು ದಿನದೊಳಗೆ ಸಾಲಿಯ ಹೆಸರು ಬ್ಯಾಂಕಿನಲ್ಲಿ ಬರೆಸಿ ಪೂರ್ತಿ ಹಣ ಕಟ್ಟದಿದ್ದರೆ ಸೀಟು ಹೋಗುತ್ತದೆ, ಸಂಚಕಾರವೂ ಹೋಗುತ್ತದೆ ಎಂದು ಅಮರಪ್ಪ ಹೇಳಿದ್ದ. ಕುರಿ ವ್ಯಾಪಾರ ಮಾಡುವವರಲ್ಲಿ ಸಂಚಕಾರ ಕೊಟ್ಟು ಹಿಂದೆ ಸರಿದವನನ್ನು ಮುಂದಿನ ಸಂತೆಯಲ್ಲಿ ಯಾರೂ ಮಾತಾಡಿಸುವುದಿಲ್ಲ. ಬಸವಂತರಾಯ ಆ ಲೆಕ್ಕದಲ್ಲೇ ಸಿಕ್ಕಿಕೊಂಡಿದ್ದ.

"ಸಂಚಕಾರ ಹೋದ್ರ ಹೋಗಲಿ ತಮ್ಮಾ" ಎಂದಳು ಮಲಕಮ್ಮ. "ಹಿಂಡು ಹೋಗಬಾರದು. ನಾನೂ ಕೂಸೂ ಹೋಗಿ ನೋಡಿ ಬರ್ತೀವಿ."

ಅವಳು ಹಾಗೆ ಅಂದರೆ ಮನೆಯಲ್ಲಿ ಎದುರಾಡುವವರಿರಲಿಲ್ಲ. ಹಿಂಡು ಅವಳದು. ಸುರಪುರದ ಕಡೆಗೆ ಕೊಟ್ಟಿದ್ದರು ಅವಳನ್ನು. ಗಂಡ ಮರಿಲಿಂಗಪ್ಪ ಮದುವೆಯಾದ ಎರಡನೆಯ ವರ್ಷ ಜ್ವರದಲ್ಲಿ ತೀರಿಕೊಂಡ ಮೇಲೆ ಭೀಮರಾಯನಗುಡಿ ಹತ್ತಿರದ ತವರಿಗೆ ಬಂದಳು. ಆಗ ಕಾಲುವೆ ಅಗೆಯುವ ಕೆಲಸ ಜೋರಿತ್ತು. ನಾಲ್ಕು ವರ್ಷ ತಲೆಯ ಮೇಲೆ ಮಣ್ಣು ಹೊತ್ತಳು. ಸುತ್ತಲಿನ ಹೆಂಗಸರು ಆ ಕೂಲಿಯಲ್ಲಿ ಬೆಳ್ಳಿ ಮಾಡಿಸಿಕೊಂಡರೆ ಇವಳು ಕುರಿ ತಂದಳು. ಮೊದಲು ಮೂರು, ಆಮೇಲೆ ಹನ್ನೊಂದು. ಕಾಲುವೆಗೆ ನೀರು ಬಿಟ್ಟ ಮೇಲೆ ಊರಿನವರೆಲ್ಲ ಜೋಳ ಬಿಟ್ಟು ಭತ್ತ ಹಿಡಿದರು. ಮೇಯುವ ನೆಲ ಕಡಿಮೆಯಾಗುತ್ತ ಬಂತು. ಅವಳು ಕಾಲುವೆಯ ಏರಿಯನ್ನೇ ಹಿಡಿದು ಹಿಂಡನ್ನು ನಡೆಸಿದಳು. ಈಗ ಇನ್ನೂರರ ಮೇಲಿದೆ. ಎಷ್ಟು ಅಂತ ಕೇಳಿದರೆ ಅವಳಿಗೆ ಹೇಳಲು ಬರುವುದಿಲ್ಲ. ಸಂಜೆ ದಡ್ಡಿಗೆ ಹೊಕ್ಕಾಗ ಅವಳು ಎಣಿಸುವುದೂ ಇಲ್ಲ. ಒಂದೊಂದರ ಮುಖ ನೋಡುತ್ತಾಳೆ. "ಆ ಕಿವಿ ಹರದದ್ದು ಬಂದಿಲ್ಲ ನೋಡು" ಎಂದು ತಿರುಗಿ ಹೋಗಿ ಹುಡುಕಿಕೊಂಡು ಬರುತ್ತಾಳೆ.

ವಿಮಾನದ ಹುಚ್ಚು ಶುರುವಾದದ್ದೂ ಆ ಏರಿಯ ಮೇಲೆಯೇ. ಕೊರೊನಾ ಬೇನೆಯ ಕಾಲಕ್ಕೆ ಸಾಲಿ ಮುಚ್ಚಿದಾಗ ದೇವಕಮ್ಮ ಅತ್ತೆಯ ಜೊತೆ ಕುರಿಯ ಹಿಂದೆ ಹೋಗುತ್ತಿದ್ದಳು. ಪಾಠಕ್ಕೆಂದು ಕೊಡಿಸಿದ ಮೊಬೈಲಿನಲ್ಲಿ ಅವಳು ಏನೋ ಒಂದನ್ನು ಹಾಕಿಕೊಂಡಿದ್ದಳು. ತಲೆಯ ಮೇಲೆ ಹೋಗುವ ವಿಮಾನ ಯಾವ ಊರಿನಿಂದ ಯಾವ ಊರಿಗೆ, ಎಷ್ಟು ಎತ್ತರದಲ್ಲಿ ಹೊರಟಿದೆ ಎಂಬುದೆಲ್ಲ ಅದರಲ್ಲಿ ಕಾಣುತ್ತಿತ್ತು. ಮಲಕಮ್ಮ ಮೊದಲು ನಂಬಲಿಲ್ಲ. ನಾಲ್ಕು ದಿನ ಪರೀಕ್ಷೆ ಮಾಡಿದಳು. ಸಂಜೆಯದು ಹೈದರಾಬಾದಿನಿಂದ ಗೋವಾಕ್ಕೆ ಹೋಗುವುದು, ದಿನಾ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಅದೇ ಬೇವಿನ ಮರದ ಮೇಲಿಂದ ಬರುತ್ತದೆ ಎಂದು ಖಾತ್ರಿಯಾದ ಮೇಲೆ ಅವಳಿಗೂ ತಡೆಯಲಾಗಲಿಲ್ಲ.

"ಅಷ್ಟು ಮ್ಯಾಲ ದಾರಿ ಹ್ಯಾಂಗ ಗೊತ್ತಾಗ್ತದ ಅದಕ್ಕ? ಏರಿ ಇಲ್ಲ, ಕಲ್ಲಿಲ್ಲ, ಗಿಡ ಇಲ್ಲ" ಎಂದು ಕೇಳಿದ್ದಳು.

"ನಾ ಕಲ್ತು ಬಂದು ಹೇಳ್ತೀನಿ ಅತ್ತಿ" ಎಂದಿದ್ದಳು ದೇವಕಮ್ಮ. ಆಗ ಅದು ಬರೀ ಮಾತು. ಪಿಯುಸಿಯಲ್ಲಿ ಗಣಿತಕ್ಕೆ ತೊಂಬತ್ತಾರು ಬಂತು. ಕಣ್ಣು, ಕಿವಿ, ಎದೆಯ ಪರೀಕ್ಷೆ ಎಲ್ಲ ಆಗಿ ದವಾಖಾನೆಯವರು ಸರಿಯಿದೆ ಎಂದು ಬರೆದುಕೊಟ್ಟರು. ಮಾತು ಮಾತಾಗಿ ಉಳಿಯಲಿಲ್ಲ.

ಯಾದಗಿರಿಯಲ್ಲಿ ರೈಲು ಹತ್ತಿದಾಗ ಮಲಕಮ್ಮನ ಗಂಟಿನಲ್ಲಿ ನಲವತ್ತು ಖಡಕ್ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ, ಒಂದು ಕಂಬಳಿ ಇದ್ದವು. ಅಮರಪ್ಪನ ಸಾಲಿ ಬೇರೆ ರಾಜ್ಯದ್ದು. ಒಂದು ಹಗಲು ಒಂದು ರಾತ್ರಿ ರೈಲಿನಲ್ಲಿ ಕುಳಿತು ಹೋದರು. ಆಫೀಸಿನವರು ಒಳಗೆ ಕರೆದು ತಣ್ಣನೆಯ ಕೋಣೆಯಲ್ಲಿ ಕೂರಿಸಿದರು, ಬಿಸ್ಕೀಟು ಕೊಟ್ಟರು, ಗೋಡೆಯ ಮೇಲಿನ ಚಿತ್ರಗಳನ್ನು ತೋರಿಸಿದರು. ಕಿಟಕಿಯಿಂದ ನೋಡಿದರೆ ಹನ್ನೆರಡು ಸಣ್ಣ ವಿಮಾನಗಳು ಸಾಲಾಗಿ ನಿಂತಿದ್ದವು, ಮೂಗಿನ ಮೇಲೆ ಒಂದೊಂದು ಫ್ಯಾನು. ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು.

"ಹನ್ನೆರಡು ಬರೋಬರಿ ಅದಾವ ಅತ್ತಿ" ಎಂದು ದೇವಕಮ್ಮ ಪಿಸುಗುಟ್ಟಿದಳು.

"ಅದಾವ. ಇನ್ನ ದಡ್ಡಿ ಬಿಡೂದು ನೋಡಮು."

ಊರಿನ ಛತ್ರದಲ್ಲಿ ಗಂಟು ಇಟ್ಟು, ಮರುದಿನ ನಸುಕಿಗೇ ಬಂದು ಮೈದಾನದ ಹೊರಗೆ ತಂತಿ ಬೇಲಿಯ ಪಕ್ಕ ಕಂಬಳಿ ಹಾಸಿ ಕುಳಿತರು. ಮಲಕಮ್ಮ ಮೊದಲು ಮಾಡಿದ ಕೆಲಸವೆಂದರೆ ಹನ್ನೆರಡರ ಮುಖ ಕಲಿತದ್ದು. ಒಂದಕ್ಕೆ ಬಾಲದ ನೀಲಿ ಬಣ್ಣ ಕಿತ್ತಿತ್ತು. ಒಂದರ ರೆಕ್ಕೆಯ ತುದಿ ತಗ್ಗಾಗಿತ್ತು. ಇನ್ನೊಂದರ ಹೊಟ್ಟೆಯ ಕೆಳಗೆ ಎಣ್ಣೆ ಸೋರಿದ ಕಲೆ. ದೇವಕಮ್ಮನಿಗೆ ಎಲ್ಲವೂ ಒಂದೇ ತರ ಕಂಡವು. ಬಾಲದ ಮೇಲಿನ ಅಕ್ಷರ ಓದಿದರೇನೆ ಅವಳಿಗೆ ಗುರುತು ಹತ್ತುತ್ತಿತ್ತು.

ಮೊದಲ ದಿನ ಎರಡು ಎದ್ದವು. ಎರಡನೆಯ ದಿನವೂ ಎರಡೇ, ಅದೂ ಹಿಂದಿನ ದಿನದವೇ. ಮೂರನೆಯ ದಿನ ಒಂದು. ಉಳಿದವುಗಳ ಗಾಲಿಯ ಬುಡದಲ್ಲಿ ಗೇಣುದ್ದ ಹುಲ್ಲು ಬೆಳೆದಿತ್ತು. ಗಾಲಿ ಉರುಳಿದ್ದರೆ ಹುಲ್ಲು ಮಲಗಿರಬೇಕು. ಇದು ನೆಟ್ಟಗೆ ನಿಂತು ತೆನೆ ಬಿಟ್ಟಿತ್ತು. ಎಣ್ಣೆಯ ಕಲೆಯಿದ್ದ ವಿಮಾನದ ಮೂಗಿನ ತೂತಿನೊಳಗೆ ಗೊರವಂಕವೊಂದು ಕಡ್ಡಿ ಒಯ್ಯುವುದೂ ಕಂಡಿತು. ಎಷ್ಟು ದಿನದಿಂದ ಮನೆ ಕಟ್ಟುತ್ತಿತ್ತೋ, ಬಾಯಿಯ ತುಂಬ ಕಡ್ಡಿ ಹಿಡಿದು ಹೆದರಿಕೆಯಿಲ್ಲದೆ ಒಳಗೆ ಹೋಗಿ ಬರುತ್ತಿತ್ತು.

ಬಿಳಿ ಅಂಗಿ ತೊಟ್ಟು ಹೆಗಲ ಮೇಲೆ ಪಟ್ಟಿ ಹಚ್ಚಿಕೊಂಡ ಮಕ್ಕಳು ನೆರಳಿನಲ್ಲಿ ಮೊಬೈಲ್ ನೋಡುತ್ತ ಕುಳಿತಿರುತ್ತಿದ್ದರು. ಮೂರನೆಯ ದಿನ ಅವರಲ್ಲೊಬ್ಬ ಹುಡುಗಿ ಇವರ ಮಾತು ಕೇಳಿ ಬೇಲಿಯ ಹತ್ತಿರ ಬಂದಳು. ಬೀದರಿನವಳು.

"ಅಜ್ಜೀ, ಮೂರು ದಿನ ಆಯ್ತು ನೋಡಾಕತ್ತೀನಿ. ಯಾರಿಗಿ ಕಾಯಾಕತ್ತೀರಿ?"

"ಇಮಾನಕ್ಕ, ಯವ್ವಾ."

"ನಾನೂ ಅದಕ್ಕೇ ಕಾಯಾಕತ್ತೀನಿ" ಎಂದು ಹುಡುಗಿ ನಕ್ಕಳು. "ಎರಡು ವರ್ಷ ಆಯ್ತು."

ಕೈಗೆ ಲೈಸನ್ಸು ಬರಬೇಕಾದರೆ ಇನ್ನೂರು ತಾಸು ಹಾರಿರಬೇಕು, ತನ್ನದು ನಲವತ್ತೆರಡು ಮುಗಿದಿದೆ ಎಂದು ಹೇಳಿದಳು. ರೊಕ್ಕ ಎಷ್ಟು ಕಟ್ಟಿದ್ದೀ ಎಂದು ಮಲಕಮ್ಮ ಕೇಳಿದ್ದಕ್ಕೆ, "ಎಲ್ಲಾ. ಬಂದ ದಿನಾನೇ" ಎಂದಳು. ಆಮೇಲೆ ನಗು ನಿಂತಿತು. ಮಲಕಮ್ಮ ಬೇಲಿಯ ತಂತಿಯ ನಡುವೆ ಕೈ ತೂರಿಸಿ ಅವಳಿಗೆ ಎರಡು ರೊಟ್ಟಿ, ಹಿಂಡಿ ಕೊಟ್ಟಳು. ಹುಡುಗಿ ನಿಂತಲ್ಲೇ ತಿಂದಳು.

ಅಲ್ಲಿಂದ ಅವರು ನೇರ ಊರಿಗೆ ಬರಲಿಲ್ಲ. ಕಾಲುವೆಯ ಕಾಲಕ್ಕೆ ಮಲಕಮ್ಮನ ಜೊತೆ ಬುಟ್ಟಿ ಹೊತ್ತ ಗೆಳತಿ ರಂಗಂಪೇಟೆಯ ಮೌಲಾಬಿ. ಅವಳ ಮಗ ಫಕ್ರುದ್ದೀನ ಇನ್ನೊಂದು ಊರಿನ ವಿಮಾನದ ಸಾಲಿಯಲ್ಲಿ ರಿಪೇರಿ ಕೆಲಸಕ್ಕಿದ್ದ. ಹೊರಡುವ ಮೊದಲೇ ಮೌಲಾಬಿ ನಂಬರು ಕೊಟ್ಟು, "ನನ್ನ ಮಗಾ ಅದಾನಂತ ಸಾಲಿ ಚಲೋ ಅನ್ನಬ್ಯಾಡ ಮಲಕೀ, ನೀನೇ ನೋಡು" ಎಂದಿದ್ದಳು. ಇನ್ನೊಂದು ರೈಲು ಹಿಡಿದು ಅಲ್ಲಿಗೆ ಹೋದರು. ಇಲ್ಲಿ ತಣ್ಣನೆಯ ಕೋಣೆ ಇರಲಿಲ್ಲ, ಇದ್ದದ್ದು ಆರೇ ವಿಮಾನ. ದೇವಕಮ್ಮನನ್ನು ಗಣಿತ, ಇಂಗ್ಲಿಷಿನ ಪರೀಕ್ಷೆಗೆಂದು ಒಳಗೆ ಕರೆದೊಯ್ದರು. ಮಲಕಮ್ಮ ಒಬ್ಬಳೇ ಬೇಲಿಯ ಹೊರಗೆ ಕುಳಿತಳು.

ಇಲ್ಲಿ ನಸುಕಿನಲ್ಲೇ ಐದು ಎದ್ದವು. ಅವಳಿಗೆ ಸಮಾಧಾನವಾಯಿತು. ಆ ಸಮಾಧಾನ ಬಿಸಿಲು ಏರುವವರೆಗೆ ಮಾತ್ರ. ರೆಕ್ಕೆಗೆ ಕೆಂಪು ಪಟ್ಟಿಯಿದ್ದ ವಿಮಾನ ಇಳಿಯಲು ಬಂತು. ನೆಲಕ್ಕೆ ಗಾಲಿ ತಾಗಿತು, ಎಗರಿತು, ನಿಲ್ಲಲಿಲ್ಲ. ಗುರ್ರೆಂದು ಮತ್ತೆ ಮೇಲೆ ಹೋಯಿತು. ಸುತ್ತು ಹಾಕಿ ಬಂತು. ಮತ್ತೆ ತಾಗಿತು, ಮತ್ತೆ ಎಗರಿತು, ಮತ್ತೆ ಹೋಯಿತು. ಮಲಕಮ್ಮ ಎದ್ದು ನಿಂತಳು. ಒಳಗಿದ್ದವರು ಯಾರ ಮಕ್ಕಳೋ ಎಂದು ಮನೆದೇವರನ್ನು ನೆನೆದಳು. ಪ್ರತಿ ಸಲ ತಾಗಿದಾಗ ಒಂದು ಹರಳು ಆರಿಸಿ ಕಂಬಳಿಯ ಮೇಲೆ ಇಟ್ಟಳು. ಹದಿನಾಲ್ಕು ಹರಳಾದವು. ಹದಿನೈದನೆಯ ಸಲಕ್ಕೆ ಅದು ಅಂತೂ ನಿಂತಿತು. ಮೈದಾನದಲ್ಲಿ ಓಡಿ ಬಂದವರು ಯಾರೂ ಇಲ್ಲ, ನೀರು ತಂದವರಿಲ್ಲ. ಅದೇ ಅವಳಿಗೆ ಇನ್ನೂ ಸಿಟ್ಟು ತರಿಸಿತು.

ಸಂಜೆ ದೇವಕಮ್ಮ ಪರೀಕ್ಷೆ ಪಾಸಾದೆನೆಂದು ಕುಣಿಯುತ್ತ ಬಂದರೆ ಅತ್ತೆ ಆಗಲೇ ಗಂಟು ಕಟ್ಟಿ ಕುಳಿತಿದ್ದಳು.

"ನಡಿ ಊರಿಗೆ. ಇದೂ ಬ್ಯಾಡ."

"ಯಾಕತ್ತಿ?"

"ಇಲ್ಲಿ ಇಮಾನಕ್ಕ ಇಳಿಯಾಕ ಬರಂಗಿಲ್ಲ. ಹದಿನಾಲ್ಕು ಸಲಾ ತಪ್ಪಿತು. ಒಂದು ಕೂಸು ಸಾಯಬೇಕಾಗಿತ್ತು ಇವತ್ತ."

ದೇವಕಮ್ಮನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗಬಾರದೆಂದು ಬಾಯಿಗೆ ಸೆರಗು ಹಿಡಿದರೂ ನಗು ತಡೆಯಲಿಲ್ಲ. "ಅಯ್ಯ ಅತ್ತಿ, ಅದು ತಪ್ಪಿದ್ದಲ್ಲ. ಇಳಿಯೂದು ರೂಢಿ ಮಾಡಸೂದೇ ಹಾಂಗ. ನೆಲಾ ಮುಟ್ಟಿ ಏಳೂದು, ಮುಟ್ಟಿ ಏಳೂದು. ಪುಸ್ತಕದಾಗ ಅದ."

"ಪುಸ್ತಕ ನಿನಗ ಬೇಕಾದ್ದು ಹೇಳ್ತದ. ಆಶಾದಾಗ ಇದ್ದಾಕಿ ನೀ. ತಗೊಳ್ಳೂ ಆಶಾ ಇದ್ದಾವ್ರ ಕಣ್ಣಿಗೆ ಕುಂಟ ಕುರಿನೂ ಓಡ್ತದ."

ದೇವಕಮ್ಮನ ನಗು ಇಳಿಯಿತು. ಹಿಂಡು ಅತ್ತೆಯದು, ಮಾತೂ ಅತ್ತೆಯದೇ. ಬೇಡವೆಂದರೆ ಬೇಡ. ಊರಿನಲ್ಲಿ ಅಪ್ಪ ದಿನ ಎಣಿಸುತ್ತ ಕುಳಿತಿದ್ದಾನೆ, ಹದಿನೈದರಲ್ಲಿ ಒಂಬತ್ತು ಮುಗಿದಿವೆ. ಬಹಳ ಹೊತ್ತಿನ ಮೇಲೆ ಮಲಕಮ್ಮ ಗಂಟು ಬಿಚ್ಚಿ ರೊಟ್ಟಿ ತೆಗೆದಳು. "ಇನ್ನೊಂದು ದಿನ ಕುಂಡ್ರತೀನಿ" ಎಂದಳು. "ನಿನ್ನ ಸಲುವಾಗಿ ಅಲ್ಲ. ಯಾಕೋ ಅದಕ್ಕ ಯಾರೂ ಓಡಿ ಬರಲಿಲ್ಲ, ಅದು ನನ್ನ ತಲ್ಯಾಗ ಕೂತದ."

ಮರುದಿನ ಅದೇ ಕೆಂಪು ಪಟ್ಟಿಯದು ಮತ್ತೆ ಎದ್ದಿತು. ಈ ಸಲ ಅವಳು ಹರಳು ಇಡಲಿಲ್ಲ, ಗಾಲಿ ನೆಲಕ್ಕೆ ತಾಗುವುದನ್ನಷ್ಟೇ ನೋಡಿದಳು. ಮೊದಲನೆಯ ಸಲ ಮೂರು ಬಾರಿ ಕುಪ್ಪಳಿಸಿತು, ಹುಟ್ಟಿದ ಮರುದಿನದ ಮರಿಯ ಹಾಗೆ. ನಾಲ್ಕನೆಯ ಸಲಕ್ಕೆ ಎರಡು. ಎಂಟನೆಯದಕ್ಕೆ ಒಂದು. ಹತ್ತನೆಯದು ತಾಗಿದ್ದೇ ಕಾಣಲಿಲ್ಲ, ಗಾಲಿಯ ಹಿಂದೆ ತುಸು ಹೊಗೆ ಎದ್ದಾಗಲೇ ಗೊತ್ತಾದದ್ದು. ಆಮೇಲೆ ಅದು ನಿಂತಿತು. ಒಳಗಿನಿಂದ ಒಬ್ಬ ಹುಡುಗ ಇಳಿದ, ಒಬ್ಬ ಹುಡುಗಿ ಹತ್ತಿದಳು. ಮತ್ತೆ ಮೊದಲ ಸಲ ಮೂರು ಬಾರಿ ಕುಪ್ಪಳಿಸಿತು.

"ಓಹೋ" ಎಂದಳು ಮಲಕಮ್ಮ, ಯಾರಿಗೂ ಅಲ್ಲ.

ಮಧ್ಯಾಹ್ನ ಫಕ್ರುದ್ದೀನ ಚಹಾಕ್ಕೆ ಹೊರಗೆ ಬಂದ. ಮೊಣಕೈವರೆಗೆ ಗ್ರೀಸು. "ಏನ್ ದೊಡ್ಡವ್ವಾ, ನಮ್ಮ ಇಮಾನಕ್ಕ ಇಳಿಯಾಕ ಬರಂಗಿಲ್ಲ ಅಂದ್ಯಂತ? ದೇವಕಮ್ಮ ಹೇಳ್ಯಾಳ, ಒಳಗ ಎಲ್ಲಾರಿಗಿ ಗೊತ್ತಾಗ್ಯಾದ. ನಮ್ಮ ಸಾಬರು ಬಿದ್ದು ಬಿದ್ದು ನಗಾಕತ್ತಾರ."

"ನಗಲಿ. ನಗೂದಕ್ಕ ರೊಕ್ಕ ಕೊಡಬೇಕಾಗಿಲ್ಲ. ಫಕ್ರೂ, ನನಗೊಂದು ತೋರಸ್ತೀಯೇನು?"

"ಏನು? ಒಳಗ ಕೂಡಸಲೇನು? ಮೋಟರ್ ತೋರಸಲೇನು?"

"ಹಳೇ ಗಾಲಿ. ತಗದು ಒಗದದ್ದು ಎಲ್ಲಿ ಹಾಕ್ತೀರಿ?"

ಫಕ್ರುದ್ದೀನ ಅವಳ ಮುಖ ನೋಡಿದ. ವಿಮಾನದ ಸಾಲಿ ನೋಡಲು ಬಂದವರು ಇದನ್ನು ಕೇಳಿದ್ದು ಅವನಿಗೆ ನೆನಪಿರಲಿಲ್ಲ. ಸಾಹೇಬರನ್ನು ಕೇಳಿಕೊಂಡು ಬಂದು ಶೆಡ್ಡಿನ ಹಿಂದಕ್ಕೆ ಕರೆದೊಯ್ದ. ಅಲ್ಲಿ ಮೊಣಕಾಲೆತ್ತರಕ್ಕೆ ಸಣ್ಣ ಸಣ್ಣ ಟೈರುಗಳ ರಾಶಿ ಬಿದ್ದಿತ್ತು. ಮಲಕಮ್ಮ ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದರ ಮೇಲೂ ಅಂಗೈ ಆಡಿಸಿದಳು. ನುಣ್ಣಗಾಗಿದ್ದವು. ಒಂದರಲ್ಲಿ ಒಳಗಿನ ನೂಲು ಕಾಣುತ್ತಿತ್ತು.

"ಇಷ್ಟೆಲ್ಲಾ ಎಷ್ಟು ವರ್ಷದ್ದು?"

"ವರ್ಷ ಎಲ್ಲೀದು ದೊಡ್ಡವ್ವಾ, ಈ ಸುಗ್ಗೀದು. ನೆಲಾ ಮುಟ್ಟಿ ಮುಟ್ಟಿ ತಿಂತಾವ. ಬದಲಿ ಮಾಡಿ ಮಾಡಿ ನನ್ನ ಸೊಂಟಾ ಹೋಗ್ಯಾದ."

"ಹೋಗಲಿ ಬಿಡು" ಎಂದಳು ಮಲಕಮ್ಮ, ಟೈರಿನ ಮೇಲಿಂದ ಕೈ ತೆಗೆಯದೆ. "ಇವು ಮೇಯಾಕ ಹೋಗಿ ಬಂದಾವ."

ಆಮೇಲೆ ಆಫೀಸಿನಲ್ಲಿ ಮಾತು. ಮೇಜಿನ ಆಚೆಗಿದ್ದವರು ಹಿಂದಿಯಲ್ಲಿ ಹೇಳಿದ್ದನ್ನು ದೇವಕಮ್ಮ ಕನ್ನಡಕ್ಕೆ ತಿರುಗಿಸುತ್ತಿದ್ದಳು. ಒಂದೇ ಸಲ ಪೂರ್ತಿ ಕಟ್ಟಿದರೆ ಒಂದೂವರೆ ಲಕ್ಷ ಬಿಡುತ್ತೇವೆ ಎಂದರು.

"ಬಿಡಬ್ಯಾಡ್ರಿ ಅನ್ನು" ಎಂದಳು ಮಲಕಮ್ಮ. "ನಾ ಹಿಂಡು ಒಮ್ಮಿಗೇ ಮಾರಿದ್ರ ದರ ಮುರೀತಾರ. ಟಗರು ಬಕ್ರೀದಿಗೆ ಮಾರಬೇಕು, ಮರಿ ಹಾಕಿದ ಮ್ಯಾಲ ಮುದುಕ್ಯಾಗಿದ್ದವು ಮಾರಬೇಕು. ನಾಕು ಪಾಲು ಮಾಡಮು. ಸೇರುವಾಗ ಒಂದು. ಆಮ್ಯಾಗ ಕೂಸು ಐವತ್ತು ತಾಸು ಹಾರಿದ್ರ ಇನ್ನೊಂದು. ಹಾರಿದಂಗ ಹಾರಿದಂಗ ರೊಕ್ಕ."

"ಅತ್ತಿ, ಹಾಂಗ ಕೇಳಿದ್ರ ಅವ್ರಿಗೆ ಸಿಟ್ಟು ಬರ್ತದ."

"ಸಿಟ್ಟು ಬಂದ್ರ ಬರಲಿ. ಕುರಿ ದಡ್ಡಿ ದಾಟಿದಂಗ ಎಣಿಸಿ ರೊಕ್ಕ ಕೊಡೂದು ನಮ್ಮ ಪದ್ಧತಿ ಅನ್ನು. ದಾಟದ ಕುರೀಗೆ ಯಾರು ಕೊಡ್ತಾರ?"

ದೇವಕಮ್ಮ ಅಳುಕುತ್ತ ಹೇಳಿದಳು. ಮೇಜಿನ ಆಚೆಗಿದ್ದವರು ಸಿಟ್ಟಾಗಲಿಲ್ಲ. ಇದು ಇಲ್ಲಿ ಹಲವರು ಕಟ್ಟುವ ರೀತಿಯೇ, ಕೇಳಿದವರಿಗೆ ಕೊಡುತ್ತೇವೆ ಎಂದರು. ಹೊರಗೆ ಬಂದ ಮೇಲೆ ಮಲಕಮ್ಮ, "ನೋಡು, ಕೇಳಿದಾವ್ರಿಗಿ ಅಂತ" ಎಂದು ಎರಡು ಸಲ ಅಂದಳು.

ಊರಿಗೆ ಬಂದದ್ದು ಹನ್ನೆರಡನೆಯ ದಿನ. ಬಸವಂತರಾಯ ಹುಲ್ಲಿನ ಸುದ್ದಿ ಕೇಳಿದ, ಟೈರಿನ ಸುದ್ದಿ ಕೇಳಿದ. ಬೀದರಿನ ಹುಡುಗಿಯ ಮಾತು ಬಂದಾಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮರುದಿನ ಅಕ್ಕ ತಮ್ಮ ಇಬ್ಬರೂ ದೇವಕಮ್ಮನನ್ನು ಕರೆದುಕೊಂಡು ಶಹಾಪುರದ ಬ್ಯಾಂಕಿಗೆ ಹೋದರು. ಸಾಲಿಯ ಹೆಸರು ಬರೆಯುವ ಜಾಗದಲ್ಲಿ ದೇವಕಮ್ಮ ಫಕ್ರುದ್ದೀನನ ಸಾಲಿಯ ಹೆಸರನ್ನು ಕೈಯಾರೆ ಬರೆದಳು, ಬ್ಯಾಂಕಿನ ಪಾಲೂ ನಾಲ್ಕು ಕಂತಿನಲ್ಲೇ ಹೋಗಬೇಕು ಎಂದೂ ಬರೆಸಿದರು. ಮಲಕಮ್ಮ ಸಹಿ ಮಾಡುವುದನ್ನು ಕಲಿತವಳು. ಆದರೂ ಅಂದು ಹೆಬ್ಬೆಟ್ಟನ್ನೂ ಒತ್ತಿದಳು. "ಇರಲಿ, ಪಕ್ಕಾ ಆಗ್ತದ" ಎಂದಳು. ಬ್ಯಾಂಕಿನವನು ಬೇಡವೆನ್ನಲಿಲ್ಲ.

ಸಂಚಕಾರ ಕೇಳಲು ಯಾರೂ ಅಮರಪ್ಪನ ಅಂಗಡಿಗೆ ಹೋಗಲಿಲ್ಲ. ಮಾತು ಬದಲಿಸಿದವರು ನಾವು, ಕೇಳಬಾರದು ಎಂದು ಮಲಕಮ್ಮ ಕಟ್ಟುನಿಟ್ಟಾಗಿ ಹೇಳಿದ್ದಳು. ವಾರ ಕಳೆದ ಮೇಲೆ ಅವನೇ ಬಂದ. ಗಾಡಿ ನಿಲ್ಲಿಸಿ ಇಳಿಯದೆ ಕೇಳಿದ.

"ದೊಡ್ಡವ್ವಾ, ಖರೇನ ಹುಲ್ಲು ತೆನಿ ಬಿಟ್ಟಿತ್ತೇನ್ರಿ?"

"ನಿನ್ನ ಮ್ಯಾಲ ಸಿಟ್ಟಿಲ್ಲಪ್ಪಾ ನನಗ."

"ಸಿಟ್ಟಿನ ಮಾತಲ್ರಿ. ನಮ್ಮಕ್ಕನ ಮಗನ್ನೂ ಅಲ್ಲಿಗೇ ಕಳಸಾಕತ್ತಿದ್ದೆ."

ಮಲಕಮ್ಮ ಅವನನ್ನು ಇಳಿಸಿ ಕೂರಿಸಿದಳು. ಹನ್ನೆರಡೂ ವಿಮಾನಗಳ ಗುರುತು ಒಂದೊಂದಾಗಿ ಹೇಳಿದಳು. ಅವನು ಮೊಬೈಲಿನಲ್ಲಿ ಆ ವಿಡಿಯೋ ತೆಗೆದು ತೋರಿಸಿದ. ಅವಳು ಬೆರಳಿಟ್ಟು, "ಇದು ರೆಕ್ಕಿ ತಗ್ಗಾದದ್ದು, ಇದು ಎಣ್ಣಿ ಸೋರೂದು. ಇದರಾಗ ಗೊರವಂಕ ಮನಿ ಮಾಡ್ಯಾದ" ಎನ್ನುತ್ತ ಹೋದಳು. ಅಮರಪ್ಪ ಬೆವರು ಒರೆಸಿಕೊಂಡ. ಮರುವಾರ ಹದಿನೈದು ಸಾವಿರ ತಂದು ಕಟ್ಟೆಯ ಮೇಲೆ ಇಟ್ಟು, ಉಳಿದದ್ದು ಸಾಲಿಯವರು ಕೊಟ್ಟರೆ ಕೊಡುತ್ತೇನೆ ಎಂದು ಹೋದ. ಅವರು ಕೊಡಲಿಲ್ಲ, ಮಲಕಮ್ಮ ಕೇಳಲೂ ಇಲ್ಲ.

ಬಕ್ರೀದಿಗೆ ಮೊದಲ ಪಾಲಿನ ಟಗರುಗಳು ಹೋದವು. ದೇವಕಮ್ಮನೂ ಹೋದಳು. ಪ್ರತಿ ರವಿವಾರ ಸಂಜೆ ಫೋನು ಬರುತ್ತಿತ್ತು. ತಾಯಿ ಹಣಮಮ್ಮ ಊಟದ ಮಾತು, ಮೈ ಹುಷಾರಿನ ಮಾತು ಕೇಳಿದ ಮೇಲೆ ಫೋನು ಮಲಕಮ್ಮನ ಕೈಗೆ. ಅವಳ ಪ್ರಶ್ನೆ ಒಂದೇ.

"ಈ ವಾರ ಯಾವುದು ಏಳಲಿಲ್ಲ?"

ಮೊದಮೊದಲು ಎಲ್ಲವೂ ಏಳುತ್ತಿದ್ದವು. ಮಳೆಗಾಲದಲ್ಲಿ ಒಂದು ರವಿವಾರ ದೇವಕಮ್ಮ, ಕೆಂಪು ಪಟ್ಟಿಯದು ರಿಪೇರಿಗೆ ನಿಂತಿದೆ, ಇನ್ನೆರಡು ಮೋಡದ ಸಲುವಾಗಿ ನಿಂತಿವೆ, ತನ್ನದು ನಲವತ್ತೊಂದು ತಾಸಿಗೇ ನಿಂತಿದೆ ಎಂದಳು. ಅದೇ ವಾರ ಎರಡನೆಯ ಕಂತು ಯಾವಾಗ ಎಂದು ಸಾಲಿಯಿಂದ ಬಸವಂತರಾಯನಿಗೆ ಫೋನು ಬಂದಿತ್ತು.

"ಕಟ್ಟಿಬಿಡಮೇನಕ್ಕಾ? ಮುದಿ ಕುರಿ ಹ್ಯಾಂಗೂ ಮಾರೂದೇ ಅದ. ಇಲ್ಲಾಂದ್ರ ಕೂಸಿನ ಮ್ಯಾಲ ಸಿಟ್ಟು ಮಾಡ್ಯಾರು" ಎಂದ.

"ಮೋಡ ಸರಿಯಲಿ" ಎಂದಳು ಮಲಕಮ್ಮ. "ಮೋಡದ ತಪ್ಪು ಅವರದ್ದಲ್ಲ, ನಮ್ಮದೂ ಅಲ್ಲ."

ಮೂರು ವಾರ ಮೋಡ ಸರಿಯಲಿಲ್ಲ. ಆ ಮೂರು ವಾರ ಅವಳು ಏರಿಯ ಮೇಲೆ ನಿಂತು ಪಶ್ಚಿಮಕ್ಕೆ ನೋಡುವುದು ಹೆಚ್ಚಾಯಿತು. ಮಳೆ ಬೇಕೆಂದು ಊರೆಲ್ಲ ಬೇಡಿಕೊಳ್ಳುವಾಗ ಇವಳೊಬ್ಬಳು ಬಿಸಿಲು ಕೇಳುತ್ತಿದ್ದಾಳೆ ಎಂದು ಬಸವಂತರಾಯ ಚಾಷ್ಟಿ ಮಾಡಿ ನಕ್ಕ. ಅವಳು ತಾನು ಸರಿ ಮಾಡಿದೆನೋ ಇಲ್ಲವೋ ಎಂದು ಒಳಗೊಳಗೇ ತೂಗುತ್ತಿದ್ದಳು. ಅದನ್ನು ಯಾರಿಗೂ ಹೇಳಲಿಲ್ಲ. ಫಕ್ರುದ್ದೀನನಿಗೆ ಫೋನು ಮಾಡಿ ಕೇಳಬಹುದಿತ್ತು. ಅವನ ನೌಕರಿಯ ಮೇಲೆ ಮಾತು ಬರಬಾರದೆಂದು ಮಾಡಲಿಲ್ಲ.

ನಾಲ್ಕನೆಯ ರವಿವಾರದ ಫೋನಿನಲ್ಲಿ ದೇವಕಮ್ಮನ ಉಸಿರೇ ಬೇರೆ ಇತ್ತು.

"ಅತ್ತಿ, ನಿನ್ನಿ ನಾ ಒಬ್ಬಾಕೇ ಹೋಗಿದ್ದೆ. ಬಾಜೂಕ ಕಲಸಾವ್ರು ಇರಲಿಲ್ಲ. ಒಬ್ಬಾಕೇ ಎದ್ದೆ, ಸುತ್ತು ಹಾಕಿ ಒಬ್ಬಾಕೇ ಇಳದೆ."

ಮಲಕಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಆಮೇಲೆ, "ಮ್ಯಾಲ ದಾರಿ ಹ್ಯಾಂಗ ಕಾಣ್ತದ?" ಎಂದು ಕೇಳಿದಳು. ದೇವಕಮ್ಮ ನದಿ, ರೈಲಿನ ಹಳಿ, ಕೆರೆ ಇವೇ ಗುರುತು ಎಂದು ಹೇಳುತ್ತ ಹೋದಳು. ಕಾಲುವೆ ಇದ್ದ ಸೀಮೆಯಾದರೆ ದಾರಿ ತಪ್ಪುವುದೇ ಇಲ್ಲ, ಬಿಸಿಲಿಗೆ ಗೆರೆ ಎಳೆದಂತೆ ಹೊಳೆಯುತ್ತದಂತೆ ಎಂದಳು. ಮಲಕಮ್ಮ ಹೂಂ, ಹೂಂ ಅನ್ನುತ್ತ ಎಲ್ಲ ಕೇಳಿಸಿಕೊಂಡಳು. "ಈ ವಾರ ಯಾವುದು ಏಳಲಿಲ್ಲ?"

"ಎಲ್ಲಾ ಎದ್ದಾವ. ನಂದು ಐವತ್ತೆರಡು ತಾಸು ಆಗ್ಯಾವ."

ಫೋನು ಇಟ್ಟು ಮಲಕಮ್ಮ ತಮ್ಮನಿಗೆ, "ಮುದಿ ಕುರಿ ಮಾರಿ ಬ್ಯಾಂಕಿಗಿ ಹೋಗು. ಎರಡನೇ ಪಾಲು ಕಟ್ಟು" ಎಂದಳು. ಮಾರಬೇಕಾದ ಮುದಿ ಕುರಿಗಳಲ್ಲಿ ಯಾವ ಯಾವುವು ಎಂದು ಅವನು ಕೇಳಿದ. ಕಿವಿ ಹರಿದದ್ದು ಬೇಡ, ಅದು ಇನ್ನೊಂದು ಸಲ ಮರಿ ಹಾಕುತ್ತದೆ ಎಂದು ಹೇಳಿ, ಉಳಿದವನ್ನು ಮುಖ ನೋಡಿ ಹೇಳಬೇಕು, ಬೆಳಗಾಗಲಿ ಎಂದಳು.

ಬೆಳಿಗ್ಗೆ ದಡ್ಡಿಯ ಬಾಗಿಲು ತೆಗೆದು, ಮಾರುವವನ್ನು ಮುಖ ನೋಡಿ ಬೇರೆ ಮಾಡಿದಳು. ಬಸವಂತರಾಯ ಹಿಂಡನ್ನು ಏರಿಯ ಕಡೆಗೆ ಹೊಡೆದುಕೊಂಡು ಹೋದ. ಮಾರುವ ಹದಿನೆಂಟು ಕುರಿಗಳು ಬೇಲಿಯ ಬದಿಗೆ ನಿಂತು ಒದರುತ್ತಿದ್ದವು. ರಾತ್ರಿಯ ಮಳೆಗೆ ಹಿಕ್ಕೆಯೆಲ್ಲ ನೆನೆದು ನೆಲಕ್ಕೆ ಅಂಟಿತ್ತು. ಮಲಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಸಬರಿಗೆ ಹಿಡಿದು, ಮೂಲೆಯಿಂದ ಗುಡಿಸುತ್ತ ಬಂದಳು. ಒಂದು ಬುಟ್ಟಿ ತುಂಬಿದ ಮೇಲೆ ತಿಪ್ಪೆಗೆ ಸುರಿದು ಬಂದು, ಇನ್ನೊಂದು ತುಂಬತೊಡಗಿದಳು.